ಗುತ್ತಿಗೆ ಬಾಕಿ ಇದ್ದರೂ ತಂಡ ಊರು ಬಿಟ್ಟದ್ದು ಹೇಗೆ?

ಪ್ರಶ್ನೆ: ಅಮೆರಿಕದ ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಲವರು ಹಸಿರು–ಹಳದಿ ಬಣ್ಣದ ‘ಸಾನಿಕ್ಸ್’ ಅಂಗಿ ತೊಟ್ಟಿದ್ದನ್ನು ಕಂಡೆ. ವಿಚಾರಿಸಿದರೆ, ಅದು ಅಲ್ಲಿನ ಬಾಸ್ಕೆಟ್‌ಬಾಲ್ ತಂಡ, 2008ರಲ್ಲೇ ಬೇರೆ ಊರಿಗೆ ಹೋಯಿತು ಎಂದರು. ಕ್ರೀಡಾಂಗಣದ ಗುತ್ತಿಗೆ ಇನ್ನೂ ಎರಡು ವರ್ಷ ಬಾಕಿ ಇತ್ತಂತೆ, ಕೋರ್ಟಿನಲ್ಲಿ ಕೇಸೂ ನಡೆಯಿತಂತೆ. ಊರಿನ ಹೆಸರು ಹೊತ್ತ ತಂಡವನ್ನು ಯಾರೋ ಕೊಂಡು ಬೇರೆ ಊರಿಗೆ ಒಯ್ಯಲು ಸಾಧ್ಯವೇ? ಗುತ್ತಿಗೆ ಇದ್ದೂ ನಗರಾಡಳಿತ ಯಾಕೆ ತಡೆಯಲಿಲ್ಲ? ನಮ್ಮ ಐಪಿಎಲ್ ತಂಡಗಳಿಗೂ ಹೀಗಾಗಬಹುದೇ?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಗೊಂದಲ ಸಹಜವಾದದ್ದೇ. ಊರಿನ ಹೆಸರು, ಊರಿನ ಕಟ್ಟಡ, ಊರಿನ ಜನ ಎಲ್ಲವೂ ಸೇರಿದ ಮೇಲೆ ತಂಡವೂ ಊರಿನದೇ ಎಂದು ಯಾರಿಗಾದರೂ ಅನಿಸುತ್ತದೆ. ನಿಮ್ಮ ಪತ್ರದಲ್ಲಿ ಮೂರು ಸಂದೇಹಗಳು ಹೆಣೆದುಕೊಂಡಿವೆ: ತಂಡ ಯಾರ ಸ್ವತ್ತು, ಗುತ್ತಿಗೆ ಯಾರನ್ನು ಯಾವುದಕ್ಕೆ ಕಟ್ಟಿಹಾಕಿತ್ತು, ಕೋರ್ಟು ಏನು ಹೇಳಿತು. ಇವನ್ನು ಒಂದೊಂದಾಗಿ ಬಿಡಿಸೋಣ. ಐಪಿಎಲ್ ಮಾತು ಕೊನೆಗಿರಲಿ.

ಮೊದಲನೆಯದು, ಯಾರ ಸ್ವತ್ತು ಯಾವುದು ಎಂಬುದು. ಸಿಯಾಟಲ್ ಸೂಪರ್‌ಸಾನಿಕ್ಸ್ ತಂಡ ಹುಟ್ಟಿದ್ದು 1967ರಲ್ಲಿ. ಆಗ ಆ ಊರಿನ ಬೋಯಿಂಗ್ ಕಂಪನಿ ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನವೊಂದನ್ನು ಕಟ್ಟುವ ಯೋಜನೆಯಲ್ಲಿತ್ತು. ತಂಡಕ್ಕೆ ಆ ಹೆಸರು ಬಂದದ್ದು ಅಲ್ಲಿಂದ. 1979ರಲ್ಲಿ ತಂಡ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಚಾಂಪಿಯನ್ ಆಯಿತು. ಇಷ್ಟೆಲ್ಲ ಇದ್ದರೂ ಅದು ಮೊದಲಿನಿಂದಲೂ ಖಾಸಗಿ ಮಾಲೀಕರ ಸ್ವತ್ತು. ಮಾಲೀಕರು ಅದನ್ನು ಮಾರಬಹುದು, ಕೊಳ್ಳುವವರು ಕೊಳ್ಳಬಹುದು; ಲೀಗ್ ಒಪ್ಪಬೇಕು, ಅಷ್ಟೆ. ಆಟ ನಡೆಯುತ್ತಿದ್ದ ಕಟ್ಟಡ ಮಾತ್ರ ನಗರದ್ದು. 1962ರಲ್ಲಿ ಸಿಯಾಟಲ್‌ನಲ್ಲಿ ನಡೆದ ವಿಶ್ವ ಮೇಳಕ್ಕಾಗಿ ಕಟ್ಟಿದ ಮಂಟಪ ಅದು. 1990ರ ದಶಕದ ನಡುವೆ ನಗರಾಡಳಿತ 7 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ ಅದನ್ನು ಹೆಚ್ಚೂಕಡಿಮೆ ಹೊಸದಾಗಿಯೇ ಕಟ್ಟಿಸಿತು. 1995ರಲ್ಲಿ ಒಂದು ಬ್ಯಾಂಕಿನ ಹೆಸರು ಹೊತ್ತು ಅದು ‘ಕೀ ಅರೀನಾ’ ಎಂದು ತೆರೆಯಿತು. ನಿಮಗೆ ಕುತೂಹಲ ಹುಟ್ಟಿಸಿದ ಗುತ್ತಿಗೆ ಈ ನವೀಕರಣದ ಜೊತೆಗೇ ಆದದ್ದು. ಅದರ ಅವಧಿ 2010ರ ಸೆಪ್ಟೆಂಬರ್‌ವರೆಗೆ.

ಎರಡನೆಯದು, ಆ ಗುತ್ತಿಗೆಯ ಲೆಕ್ಕಾಚಾರ. ನವೀಕರಣಕ್ಕೆ ನಗರ ಸಾಲ ಎತ್ತಿತ್ತು. ಸಾಲ ತೀರಿಸುವ ದಾರಿ ಎಂದು ನಂಬಿದ್ದು ಕ್ರೀಡಾಂಗಣದ ಆದಾಯವನ್ನೇ: ಶ್ರೀಮಂತ ಕಂಪನಿಗಳು ವರ್ಷಕ್ಕಿಷ್ಟು ಎಂದು ಹಿಡಿದಿಡುವ ವಿಶೇಷ ಕೊಠಡಿಗಳು, ದುಬಾರಿ ಆಸನಗಳು ಇತ್ಯಾದಿ. ಈ ಆದಾಯದಲ್ಲಿ ತಂಡಕ್ಕೂ ಪಾಲು, ನಗರಕ್ಕೂ ಪಾಲು. ಮೊದಲು ಏನೋ ಸರಿಹೋಯಿತು. ಆದರೆ 1999ರಲ್ಲಿ ಬೇಸ್‌ಬಾಲ್‌ಗೆ, 2002ರಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆ, ಸಾರ್ವಜನಿಕ ಹಣದ ದೊಡ್ಡ ಪಾಲಿನೊಂದಿಗೆ ಅದೇ ಊರಿನಲ್ಲಿ ಎರಡು ಹೊಸ ಕ್ರೀಡಾಂಗಣಗಳು ಎದ್ದವು. ಕೊಠಡಿ ಹಿಡಿಯುವ ಕಂಪನಿಗಳ ಗಮನ ಅತ್ತ ಹರಿಯಿತು. ಸುಮಾರು 17,000 ಆಸನಗಳ ಕೀ ಅರೀನಾ ಎನ್‌ಬಿಎಯ ಅತಿ ಚಿಕ್ಕ ಅಂಗಣಗಳಲ್ಲಿ ಒಂದಾಗಿ ಉಳಿಯಿತು. ಹತ್ತೇ ವರ್ಷದಲ್ಲಿ, ಈ ಕಟ್ಟಡದಲ್ಲಿ, ಈ ಕರಾರಿನಲ್ಲಿ ನಮಗೆ ನಷ್ಟ ಎಂದು ತಂಡದ ಮಾಲೀಕರು ಹೇಳತೊಡಗಿದರು.

ಆಗಿನ ಮಾಲೀಕರ ಗುಂಪಿನ ಮುಖ್ಯಸ್ಥ ಸ್ಟಾರ್‌ಬಕ್ಸ್ ಕಾಫಿ ಕಂಪನಿಯ ಹೋವರ್ಡ್ ಷುಲ್ಟ್ಜ್. 2001ರಲ್ಲಿ ಅವರ ಗುಂಪು ತಂಡವನ್ನು 20 ಕೋಟಿ ಡಾಲರ್‌ಗೆ ಕೊಂಡಿತ್ತು. 2006ರಲ್ಲಿ ಅವರು ಅರೀನಾ ವಿಸ್ತರಣೆಗೆ 22 ಕೋಟಿ ಡಾಲರ್ ಸಾರ್ವಜನಿಕ ಹಣ ಬೇಕೆಂದು ವಾಷಿಂಗ್ಟನ್ ರಾಜ್ಯದ ಶಾಸನಸಭೆಯನ್ನು ಕೇಳಿದರು. ಸಭೆ ಒಪ್ಪಲಿಲ್ಲ.

ಇಷ್ಟು ಶ್ರೀಮಂತ ಊರು ಇಷ್ಟು ಹಣಕ್ಕೆ ಯಾಕೆ ಹಿಂದೇಟು ಹಾಕಿತು ಎಂದು ನೀವು ಕೇಳಬಹುದು. ಜನರಿಗೆ ಹಿಂದಿನ ನೆನಪಿತ್ತು. ಸಿಯಾಟಲ್‌ನಲ್ಲಿ ಕಿಂಗ್‌ಡೋಮ್ ಎಂಬ ಭಾರಿ ಕಾಂಕ್ರೀಟು ಕ್ರೀಡಾಂಗಣ ಇತ್ತು. ಹೊಸ ಕ್ರೀಡಾಂಗಣಕ್ಕೆ ಜಾಗ ಮಾಡಲು ಅದನ್ನು 2000ದ ಮಾರ್ಚ್‌ನಲ್ಲಿ ಸ್ಫೋಟಿಸಿ ಕೆಡವಿದರು. ಆದರೆ ಅದರ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಇಲ್ಲದ ಕಟ್ಟಡಕ್ಕೆ ಕಂತು ಕಟ್ಟುತ್ತಿದ್ದ ಜನ ಮತ್ತೊಂದಕ್ಕೆ ಕೈ ಬಿಚ್ಚಲು ಸಿದ್ಧರಿರಲಿಲ್ಲ. 2006ರ ನವೆಂಬರ್‌ನಲ್ಲಿ ನಗರದ ಮತದಾರರು ‘ಇನಿಷಿಯೇಟಿವ್ 91’ ಎಂಬ ಪ್ರಸ್ತಾಪವನ್ನು ಸುಮಾರು ಮುಕ್ಕಾಲು ಪಾಲು ಮತಗಳಿಂದ ಗೆಲ್ಲಿಸಿದರು. ಕ್ರೀಡಾ ತಂಡಕ್ಕೆ ನಗರ ಹಣ ಹಾಕಿದರೆ, ಕನಿಷ್ಠ ಸರ್ಕಾರಿ ಬಾಂಡಿನಷ್ಟಾದರೂ ಲಾಭ ವಾಪಸು ಬರಲೇಬೇಕು ಎಂಬುದು ಅದರ ಸಾರ.

ಅಷ್ಟು ಹೊತ್ತಿಗೆ ತಂಡ ಮಾರಾಟವಾಗಿತ್ತು. 2006ರ ಜುಲೈನಲ್ಲಿ ಓಕ್ಲಹೋಮ ಸಿಟಿಯ ಉದ್ಯಮಿ ಕ್ಲೇ ಬೆನೆಟ್ ನೇತೃತ್ವದ ಗುಂಪು ಸಾನಿಕ್ಸ್ ಮತ್ತು ಅದರ ಮಹಿಳಾ ತಂಡ ಸ್ಟಾರ್ಮ್ ಎರಡನ್ನೂ 35 ಕೋಟಿ ಡಾಲರ್‌ಗೆ ಕೊಂಡಿತು. ಕೊಂಡವರ ಊರಿನ ಕಥೆಯೂ ಇಲ್ಲಿ ಮುಖ್ಯ. 2005ರ ಕತ್ರೀನಾ ಚಂಡಮಾರುತದಿಂದ ನೆಲೆ ತಪ್ಪಿದ ನ್ಯೂ ಆರ್ಲಿಯನ್ಸ್ ತಂಡ ಎರಡು ಋತು ಓಕ್ಲಹೋಮ ಸಿಟಿಯಲ್ಲಿ ಆಡಿತ್ತು, ಜನ ಉತ್ಸಾಹದಿಂದ ಸೇರಿದ್ದರು. ಆ ತಂಡ ತನ್ನೂರಿಗೆ ಮರಳುವುದಿತ್ತು. ಓಕ್ಲಹೋಮದವರಿಗೆ ತಮ್ಮದೇ ತಂಡದ ಆಸೆ ಹತ್ತಿತ್ತು.

ಇಲ್ಲೊಂದು ಗೊಂದಲ ನಿವಾರಿಸಿಕೊಳ್ಳಬೇಕು. ಈ ಕಥೆ ಕೇಳಿದವರು ಸಾಮಾನ್ಯವಾಗಿ ಎರಡು ಬೇರೆ ಬೇರೆ ಮಾತುಗಳನ್ನು ಒಂದೇ ಎಂದು ತಿಳಿಯುತ್ತಾರೆ. ಮಾರಾಟದ ಹೊತ್ತಿನಲ್ಲಿ ಹೊಸ ಮಾಲೀಕರು, ಸಿಯಾಟಲ್ ಸೀಮೆಯಲ್ಲೇ ಹೊಸ ಕ್ರೀಡಾಂಗಣ ಪಡೆಯಲು ಒಂದು ವರ್ಷ ಪ್ರಾಮಾಣಿಕವಾಗಿ ಪ್ರಯತ್ನಿಸುತ್ತೇವೆ ಎಂದು ಒಪ್ಪಿದ್ದರು. ಇದು ಕೊಂಡವರು ಮಾರಿದವರಿಗೆ ಕೊಟ್ಟ ಮಾತು. ಅದರಲ್ಲಿ ನಗರ ಪಾಲುದಾರನಲ್ಲ. ಇನ್ನೊಂದು, 2010ರವರೆಗೆ ತವರಿನ ಪಂದ್ಯಗಳನ್ನು ಕೀ ಅರೀನಾದಲ್ಲೇ ಆಡಬೇಕೆಂಬ ಗುತ್ತಿಗೆ. ಇದು ತಂಡ ನಗರಕ್ಕೆ ಕೊಟ್ಟ ಮಾತು. ಮಾಲೀಕರು ಬದಲಾದರೂ ತಂಡದ ಜೊತೆಗೇ ಸಾಗುವಂಥದ್ದು. ಮೊದಲನೆಯದು ಮುರಿದರೆ ದಾವೆ ಹೂಡಬೇಕಾದವರು ಷುಲ್ಟ್ಜ್; ಎರಡನೆಯದು ಮುರಿದರೆ ನಗರ. ಮುಂದೆ ಹಾಗೆಯೇ ಎರಡು ಪ್ರತ್ಯೇಕ ಕೇಸುಗಳಾದವು. ಜನ ಎರಡನ್ನೂ ಬೆರೆಸಿ ನೋಡಿದರು.

ಬೆನೆಟ್ ಪಕ್ಕದ ರೆಂಟನ್ ಪಟ್ಟಣದಲ್ಲಿ 50 ಕೋಟಿ ಡಾಲರ್‌ನ ಕ್ರೀಡಾಂಗಣದ ಯೋಜನೆ ಮುಂದಿಟ್ಟರು. ಹೆಚ್ಚಿನ ಪಾಲು ತೆರಿಗೆ ಹಣದಿಂದಲೇ ಬರಬೇಕಿತ್ತು. 2007ರ ಏಪ್ರಿಲ್‌ನಲ್ಲಿ ಶಾಸನಸಭೆ ಅದನ್ನು ಕೈಬಿಟ್ಟಿತು. ಅದೇ ಆಗಸ್ಟ್‌ನಲ್ಲಿ ಮಾಲೀಕರಲ್ಲಿ ಒಬ್ಬರಾದ ಆಬ್ರಿ ಮೆಕ್ಲೆಂಡನ್, ನಾವು ತಂಡ ಕೊಂಡದ್ದು ಸಿಯಾಟಲ್‌ನಲ್ಲಿ ಉಳಿಸಿಕೊಳ್ಳಲಿಕ್ಕಲ್ಲ ಎಂಬರ್ಥದ ಮಾತನ್ನು ಓಕ್ಲಹೋಮದ ಪತ್ರಿಕೆಯೊಂದಕ್ಕೆ ಹೇಳಿದರು. ಎನ್‌ಬಿಎ ಅವರಿಗೆ 2.5 ಲಕ್ಷ ಡಾಲರ್ ದಂಡ ಹಾಕಿತು. ಗಮನಿಸಿ: ದಂಡ ಬಿದ್ದದ್ದು ಮಾತಿಗೆ, ಮಾರಾಟ ಹಾಗೆಯೇ ಉಳಿಯಿತು. ಮಾಲೀಕರು ತಮ್ಮತಮ್ಮಲ್ಲಿ ಬರೆದುಕೊಂಡ ಇ-ಮೇಲ್‌ಗಳು ನಗರ ಹೂಡಿದ ದಾವೆಯ ಮೂಲಕ 2008ರಲ್ಲಿ ಹೊರಬಂದಾಗ ಸಿಯಾಟಲ್ ಇನ್ನಷ್ಟು ಕೆರಳಿತು. ಪ್ರಯತ್ನದ ವರ್ಷ ಮುಗಿಯುವ ಮೊದಲೇ ತಂಡವನ್ನು ತಮ್ಮೂರಿಗೆ ತರುವ ಮಾತು ಅವರ ನಡುವೆ ಓಡಾಡಿತ್ತು. ತಮ್ಮ ಪ್ರಯತ್ನ ಪ್ರಾಮಾಣಿಕವಾಗಿಯೇ ಇತ್ತು ಎಂಬ ನಿಲುವನ್ನು ಬೆನೆಟ್ ಬಿಡಲಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ: ಗುತ್ತಿಗೆ ಇದ್ದೂ ಯಾಕೆ ತಡೆಯಲಾಗಲಿಲ್ಲ?

2007ರ ಸೆಪ್ಟೆಂಬರ್‌ನಲ್ಲಿ ಜಗಳ ಕಾನೂನಿನ ಅಂಗಳಕ್ಕೆ ಬಂತು. ಉಳಿದ ವರ್ಷಗಳಿಗೆ ಹಣ ಕೊಟ್ಟು ಹೊರಡಬಹುದೇ ಎಂಬುದನ್ನು ಮಧ್ಯಸ್ಥಿಕೆಯಲ್ಲಿ ತೀರ್ಮಾನಿಸಬೇಕು ಎಂದು ತಂಡ ಕೇಳಿತು. ಗುತ್ತಿಗೆಯಲ್ಲಿ ಬರೆದಂತೆ ಇಲ್ಲೇ ಆಡಬೇಕೆಂದು ಆದೇಶ ಕೊಡಿ ಎಂದು ನಗರ ಕೋರ್ಟಿಗೆ ಹೋಯಿತು. ಮಧ್ಯಸ್ಥಿಕೆಯ ಬೇಡಿಕೆಯನ್ನು ನ್ಯಾಯಾಧೀಶರು ತಳ್ಳಿಹಾಕಿದರು. ಈ ಸುತ್ತಿನಲ್ಲಿ ಗೆದ್ದದ್ದು ನಗರವೇ.

ಇಡೀ ವ್ಯಾಜ್ಯ ನಿಂತದ್ದು ಒಂದೇ ಅಂಶದ ಮೇಲೆ. ನಮ್ಮಲ್ಲಿಯ ಒಂದು ಉದಾಹರಣೆ ಕೊಟ್ಟರೆ ಅದು ಸುಲಭವಾಗಿ ತಿಳಿದೀತು. ನೀವೊಂದು ಸೈಟು ಕೊಳ್ಳಲು ಅಗ್ರಿಮೆಂಟು ಮಾಡಿಕೊಂಡು ಮುಂಗಡ ಕೊಟ್ಟಿದ್ದೀರಿ ಎನ್ನಿ. ಮಾರುವವರು ಮನಸ್ಸು ಬದಲಿಸಿ, ಮುಂಗಡದ ಜೊತೆ ಇನ್ನಷ್ಟು ಕೊಡುತ್ತೇನೆ, ಬಿಟ್ಟುಬಿಡಿ ಎನ್ನುತ್ತಾರೆ. ನೀವು ಹಣ ಬೇಡ, ರಿಜಿಸ್ಟರ್ ಮಾಡಿಕೊಡಿ ಎಂದು ಕೋರ್ಟಿಗೆ ಹೋಗುತ್ತೀರಿ. ನಮ್ಮಲ್ಲಿ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಹೀಗೆ ಕೇಳಬಹುದು. ಒಪ್ಪಿದ್ದನ್ನೇ ಮಾಡಿಸುವುದು ಒಂದು ಪರಿಹಾರ, ನಷ್ಟ ತುಂಬಿಸುವುದು ಇನ್ನೊಂದು. ಸಿಯಾಟಲ್ ಕೇಳಿದ್ದು ಮೊದಲನೆಯದನ್ನು, ತಂಡ ಕೊಡಲು ಸಿದ್ಧವಿದ್ದದ್ದು ಎರಡನೆಯದನ್ನು.

ಹಾಗಾಗಿ 2008ರ ಜೂನ್‌ನಲ್ಲಿ ನ್ಯಾಯಾಧೀಶೆ ಮಾರ್ಷಾ ಪೆಚ್‌ಮನ್ ಅವರ ಮುಂದೆ ಆರು ದಿನ ನಡೆದ ವಿಚಾರಣೆಯಲ್ಲಿ, ಒಂದು ತಂಡ ಊರಿನಲ್ಲಿರುವುದಕ್ಕೆ ಬೆಲೆ ಕಟ್ಟಬಹುದೇ ಎಂಬ ಚರ್ಚೆಯೇ ಎದ್ದಿತು. ಬೆಲೆ ಕಟ್ಟಬಹುದಾದರೆ ಹಣ ಕೊಟ್ಟು ಮುಗಿಸಬಹುದು. ಕಟ್ಟಲಾಗದಿದ್ದರೆ ತಂಡ ಇಲ್ಲೇ ಇರಬೇಕು. ನಗರದ ಪರವಾಗಿ ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಜಿಂಬಲಿಸ್ಟ್ ಸಾಕ್ಷಿ ಹೇಳಿದರು. ಕಾದಂಬರಿಕಾರ ಷರ್ಮನ್ ಅಲೆಕ್ಸಿ ಒಬ್ಬ ಅಭಿಮಾನಿಯಾಗಿ ಕಟಕಟೆ ಏರಿದರು. ತಂಡದವರ ವಾದ ಬೇರೆ: ಸಂಬಂಧ ಕೆಟ್ಟಿದೆ, ಒಲ್ಲದ ಬಾಡಿಗೆದಾರನನ್ನು ಎರಡು ವರ್ಷ ಹಿಡಿದಿಟ್ಟರೆ ಯಾರಿಗೂ ಲಾಭವಿಲ್ಲ.

ನಗರಕ್ಕೆ ಒಂದು ತೊಡಕಿತ್ತು. ತಂಡದಿಂದ ಊರಿಗೆ ಆರ್ಥಿಕ ಲಾಭ ಹೆಚ್ಚೇನೂ ಇಲ್ಲ ಎಂಬ ಮಾತನ್ನು ತೆರಿಗೆ ಹಣ ಕೇಳಿದಾಗಲೆಲ್ಲ ಸಿಯಾಟಲ್‌ನ ಜನಪ್ರತಿನಿಧಿಗಳಲ್ಲಿ ಕೆಲವರು ಆಡಿದ್ದರು. ಜಿಂಬಲಿಸ್ಟ್ ಅವರಂಥ ವಿದ್ವಾಂಸರೂ ಕ್ರೀಡಾಂಗಣಕ್ಕೆ ಸರ್ಕಾರಿ ಹಣ ಹಾಕುವುದು ಲಾಭದಾಯಕವಲ್ಲ ಎಂದು ಹಿಂದಿನಿಂದ ಬರೆದವರೇ. ಈಗ ಅದೇ ನಗರ, ತಂಡ ಹೋದರೆ ಹಣದಿಂದ ತುಂಬಲಾಗದ ನಷ್ಟ ಎನ್ನಬೇಕಾಯಿತು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಊರಿನ ಆದಾಯ ಹೆಚ್ಚಿಸದ ತಂಡವೂ ಜನರ ಬದುಕಿಗೆ ಏನನ್ನೋ ಕೊಡುತ್ತಿರುತ್ತದೆ. ಆದರೆ ಕೋರ್ಟಿನಲ್ಲಿ ಇದನ್ನು ನಿಲ್ಲಿಸುವುದು ಸುಲಭದ ಕೆಲಸವಲ್ಲ.

ಇಷ್ಟರಲ್ಲಿ ಎನ್‌ಬಿಎ ತನ್ನ ಒಪ್ಪಿಗೆಯನ್ನೂ ಕೊಟ್ಟಾಗಿತ್ತು. 2008ರ ಏಪ್ರಿಲ್ 18ರಂದು ಲೀಗ್‌ನ ಮಾಲೀಕರು 28–2 ಮತಗಳಿಂದ ಸ್ಥಳಾಂತರವನ್ನು ಅನುಮೋದಿಸಿದರು. ವಿರೋಧಿಸಿದವರು ಡಲ್ಲಾಸ್‌ನ ಮಾರ್ಕ್ ಕ್ಯೂಬನ್ ಮತ್ತು ಪೋರ್ಟ್‌ಲೆಂಡ್‌ನ ಪಾಲ್ ಅಲೆನ್ ಇಬ್ಬರೇ. ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ಓಕ್ಲಹೋಮ ಸಿಟಿಯ ಮತದಾರರು ತಮ್ಮ ಕ್ರೀಡಾಂಗಣದ ಸುಧಾರಣೆಗೆ ಸುಮಾರು 12 ಕೋಟಿ ಡಾಲರ್ ಮಾರಾಟ ತೆರಿಗೆಯನ್ನು ಒಪ್ಪಿದ್ದರು. ಸಿಯಾಟಲ್‌ನಲ್ಲೂ ಕೊನೆಯ ಪ್ರಯತ್ನ ನಡೆದಿತ್ತು. ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್ ಇದ್ದ ಗುಂಪು, ಕೀ ಅರೀನಾಕ್ಕೆ ಬೇಕಾದ 30 ಕೋಟಿಯಲ್ಲಿ ಅರ್ಧವನ್ನು ತಾವೇ ಕೊಡುವುದಾಗಿ ಹೇಳಿತು. ಉಳಿದದ್ದರಲ್ಲಿ 7.5 ಕೋಟಿಗೆ ಶಾಸನಸಭೆ ದಾರಿ ಮಾಡಿಕೊಡಬೇಕಿತ್ತು. ಅಧಿವೇಶನ ಮುಗಿಯಿತು, ದಾರಿ ಆಗಲಿಲ್ಲ.

ಹಾಗಾದರೆ ಕೋರ್ಟು ಏನು ಹೇಳಿತು? ಏನನ್ನೂ ಹೇಳಲಿಲ್ಲ! ಜುಲೈ 2ರಂದು ತೀರ್ಪು ಬರಬೇಕಿತ್ತು. ಅದಕ್ಕೆ ಸ್ವಲ್ಪ ಮೊದಲು ಎರಡೂ ಕಡೆಯವರು ರಾಜಿ ಮಾಡಿಕೊಂಡರು. ತಂಡ ಕೂಡಲೇ 4.5 ಕೋಟಿ ಡಾಲರ್ ಕೊಟ್ಟು ಹೊರಡಬಹುದು. ಸಾನಿಕ್ಸ್ ಹೆಸರು, ಬಣ್ಣಗಳು ಮುಂದೆ ಬರಬಹುದಾದ ತಂಡಕ್ಕಾಗಿ ಸಿಯಾಟಲ್‌ಗೇ ಮೀಸಲು. ಇನ್ನೂ 3 ಕೋಟಿ ಡಾಲರ್ 2013ರಲ್ಲಿ ಕೊಡಬೇಕು, ಆದರೆ ಎರಡು ಷರತ್ತು: 2009ರ ಅಂತ್ಯದೊಳಗೆ ಶಾಸನಸಭೆ ಕೀ ಅರೀನಾಕ್ಕೆ ಕನಿಷ್ಠ 7.5 ಕೋಟಿಗೆ ಒಪ್ಪಿಗೆ ಕೊಟ್ಟಿರಬೇಕು, ಮತ್ತು ಅಷ್ಟಾದರೂ ಐದು ವರ್ಷದಲ್ಲಿ ಊರಿಗೆ ಹೊಸ ತಂಡ ಬಂದಿರಬಾರದು. ಮೊದಲ ಷರತ್ತೇ ಈಡೇರದ್ದರಿಂದ ಆ ಹಣ ಬರಲಿಲ್ಲ. ಷುಲ್ಟ್ಜ್ ತಮ್ಮ ಪ್ರತ್ಯೇಕ ಕೇಸನ್ನು ಆಗಸ್ಟ್‌ನಲ್ಲಿ ಹಿಂತೆಗೆದುಕೊಂಡರು.

ನಗರ ಸೋತು ಒಪ್ಪಿತೇ ಎಂದರೆ, ಹಾಗೆ ಹೇಳಲು ಬರುವುದಿಲ್ಲ. ಕೇಸು ಗೆದ್ದಿದ್ದರೂ ಸಿಗುತ್ತಿದ್ದದ್ದು ಎರಡು ಋತು ಮಾತ್ರ. 2010ರ ನಂತರ ತಂಡ ಒಂದು ಡಾಲರೂ ಕೊಡದೆ ಹೊರಡಬಹುದಿತ್ತು. ಗುತ್ತಿಗೆ ಕಾಯುತ್ತಿದ್ದದ್ದು ಒಂದು ದಿನಾಂಕದವರೆಗೆ ಮಾತ್ರ. ಆ ದಿನಾಂಕ ಹತ್ತಿರವಾದಷ್ಟೂ ನಗರದ ಕೈಯಲ್ಲಿದ್ದ ಹಿಡಿತದ ಬೆಲೆ ಇಳಿಯುತ್ತಿತ್ತು. ನಗರ ಅದನ್ನು ಇನ್ನೂ ಬೆಲೆ ಇರುವಾಗಲೇ ಮಾರಿತು. ಹೆಸರು, ಬಣ್ಣ ಉಳಿಸಿಕೊಂಡದ್ದಕ್ಕೆ ಒಂದು ಮಾದರಿಯೂ ಇತ್ತು. 1996ರಲ್ಲಿ ಕ್ಲೀವ್‌ಲೆಂಡ್‌ನ ಫುಟ್‌ಬಾಲ್ ತಂಡ ಬಾಲ್ಟಿಮೋರ್‌ಗೆ ಹೊರಟಾಗ ಆ ಊರೂ ಗುತ್ತಿಗೆ ಹಿಡಿದು ಹೋರಾಡಿ ಬ್ರೌನ್ಸ್ ಹೆಸರನ್ನು ಉಳಿಸಿಕೊಂಡಿತ್ತು. 1999ರಲ್ಲಿ ಅದೇ ಹೆಸರಿನ ಹೊಸ ತಂಡವನ್ನೂ ಪಡೆಯಿತು. ನೀವು ಕಂಡ ಅಂಗಿಗಳ ಬಣ್ಣ ಇಂದೂ ಸಿಯಾಟಲ್‌ನ ಪಾಲಿಗೆ ಉಳಿದಿರುವುದು ಈ ರಾಜಿಯಿಂದ.

ಆಮೇಲೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ಓಕ್ಲಹೋಮಕ್ಕೆ ಹೋದ ತಂಡ ‘ಥಂಡರ್’ ಎಂಬ ಹೆಸರಿನಲ್ಲಿ 2025ರಲ್ಲಿ ಚಾಂಪಿಯನ್ ಆಯಿತು. ಆ ಊರಿನ ಖರ್ಚೂ ನಿಂತಿಲ್ಲ: ಕನಿಷ್ಠ 90 ಕೋಟಿ ಡಾಲರ್‌ನ ಹೊಸ ಕ್ರೀಡಾಂಗಣಕ್ಕೆ 2023ರಲ್ಲಿ ಜನ ಮತ್ತೆ ಮತ ಹಾಕಿದರು. ಮಹಿಳಾ ತಂಡ ಸ್ಟಾರ್ಮ್ ಸಿಯಾಟಲ್ ಬಿಡಲಿಲ್ಲ. 2008ರಲ್ಲೇ ಸ್ಥಳೀಯ ಮಹಿಳೆಯರ ಗುಂಪೊಂದು ಅದನ್ನು ಬೆನೆಟ್ ಅವರಿಂದ ಕೊಂಡಿತು. ಆಮೇಲೆ ಅದು 2010, 2018, 2020ರಲ್ಲಿ ಪ್ರಶಸ್ತಿ ಗೆದ್ದಿತು. ಕೀ ಅರೀನಾವನ್ನು ಹಳೆಯ ಮಾಡು ಉಳಿಸಿಕೊಂಡು, 100 ಕೋಟಿ ಡಾಲರ್‌ಗೂ ಮೀರಿದ ಖಾಸಗಿ ಹಣದಿಂದ ಮತ್ತೆ ಕಟ್ಟಿ 2021ರಲ್ಲಿ ‘ಕ್ಲೈಮೇಟ್ ಪ್ಲೆಡ್ಜ್ ಅರೀನಾ’ ಎಂದು ತೆರೆದರು.

ನ್ಯಾಯ–ಅನ್ಯಾಯದ ಲೆಕ್ಕ ಎಷ್ಟು ಕಠಿಣ ಎಂಬುದಕ್ಕೆ 2013ರ ಘಟನೆ ಸಾಕ್ಷಿ. ಆಗ ಸಿಯಾಟಲ್‌ನ ಹೂಡಿಕೆದಾರರೇ ಸ್ಯಾಕ್ರಮೆಂಟೊ ಕಿಂಗ್ಸ್ ತಂಡವನ್ನು ಕೊಂಡು ತಮ್ಮೂರಿಗೆ ತರಲು ಹೊರಟರು. ಲೀಗ್ 22–8 ಮತಗಳಿಂದ ಬೇಡವೆಂದಿತು. ತಂಡ ಮುಂಬೈನಲ್ಲಿ ಹುಟ್ಟಿದ ಉದ್ಯಮಿ ವಿವೇಕ್ ರಣದಿವೆ ಅವರ ಗುಂಪಿನ ಪಾಲಾಗಿ ಅಲ್ಲೇ ಉಳಿಯಿತು. ಸ್ಯಾಕ್ರಮೆಂಟೊ ನಗರ ಹೊಸ ಕ್ರೀಡಾಂಗಣಕ್ಕೆ ಸುಮಾರು 25 ಕೋಟಿ ಡಾಲರ್ ಹಾಕಲು ಒಪ್ಪಿತ್ತು. ಲೀಗ್ ಕೊನೆಗೆ ನೋಡುವುದು ಏನನ್ನು ಎಂಬುದು ಇದರಿಂದ ಊಹಿಸಬಹುದು.

ಇನ್ನು ಐಪಿಎಲ್. ನಮ್ಮಲ್ಲಿ ವ್ಯವಸ್ಥೆ ಬೇರೆ. ಫ್ರಾಂಚೈಸಿ ಹಕ್ಕನ್ನು ಕೊಡುವುದು ಬಿಸಿಸಿಐ, ಅದೂ ಊರಿನ ಹೆಸರಿಗೆ ಕಟ್ಟಿ. ಕ್ರೀಡಾಂಗಣ ನಡೆಸುವುದು ಸಾಮಾನ್ಯವಾಗಿ ರಾಜ್ಯ ಕ್ರಿಕೆಟ್ ಸಂಸ್ಥೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಕೆಎಸ್‌ಸಿಎ ಕೈಯಲ್ಲಿದೆ. ನಗರಪಾಲಿಕೆ ಸಾಲ ಮಾಡಿ ಅಂಗಣ ಕಟ್ಟಿ ತಂಡದ ಬಾಡಿಗೆಯಿಂದ ತೀರಿಸುವ ಪದ್ಧತಿ ಇಲ್ಲಿ ಬೆಳೆದಿಲ್ಲವಾದ್ದರಿಂದ, ಸಿಯಾಟಲ್‌ನಂಥ ವ್ಯಾಜ್ಯ ಅದೇ ರೂಪದಲ್ಲಿ ಹುಟ್ಟುವುದಿಲ್ಲ. ತಂಡ ಕಣ್ಮರೆಯಾಗುವುದೇ ಇಲ್ಲ ಎಂದಲ್ಲ. ಕೊಚ್ಚಿ ತಂಡದ ಹಕ್ಕನ್ನು ಬಿಸಿಸಿಐ 2011ರಲ್ಲಿ ರದ್ದು ಮಾಡಿತು. 2009ರ ಚಾಂಪಿಯನ್ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಮಾರಾಟದ ಯತ್ನ ಫಲಿಸದೆ ಹಕ್ಕು ಕಳೆದುಕೊಂಡಿತು. ಹೈದರಾಬಾದ್‌ಗೆ ಸನ್‌ರೈಸರ್ಸ್ ಎಂಬ ಬೇರೆ ತಂಡ ಬಂತು. ಸಿಯಾಟಲ್‌ನಲ್ಲಿ ಊರಿನ ಕೈಯಲ್ಲಿ ಒಂದು ಗುತ್ತಿಗೆ ಪತ್ರವಾದರೂ ಇತ್ತು. ನಮ್ಮಲ್ಲಿ ಅಭಿಮಾನಿಗಳ ಪರವಾಗಿ ನಗರಾಡಳಿತ ದಾವೆ ಹೂಡಲು ಅಂಥ ಪತ್ರವೂ ಇರುವುದಿಲ್ಲ.

ಆದ್ದರಿಂದ ಮುಂದೆ ಇಂಥ ಸುದ್ದಿ ಓದಿದಾಗ ಮೂರು ವಿವರ ಹುಡುಕಿ ನೋಡಿ: ಕಟ್ಟಡ ಯಾರದು, ಗುತ್ತಿಗೆ ಎಷ್ಟು ವರ್ಷ ಬಾಕಿ ಇದೆ, ಮುರಿದರೆ ಆಡಲೇಬೇಕೆಂದು ಬರೆದಿದೆಯೋ ಹಣ ಕೊಟ್ಟರೆ ಸಾಕೆಂದಿದೆಯೋ. ಮಾಲೀಕರ ಭರವಸೆ, ಮೇಯರರ ಆಕ್ರೋಶ ಇವು ದೊಡ್ಡ ಅಕ್ಷರದಲ್ಲಿ ಅಚ್ಚಾಗುತ್ತವೆ. ತಂಡ ಉಳಿಯುವುದೋ ಹೋಗುವುದೋ ಎಂಬ ಸುಳಿವು ಸಿಗುವುದು ಮಾತ್ರ ಈ ಮೂರರಲ್ಲಿ.